ಪಿಟಿ ಪೀರಿಯಡ್‌ನಲ್ಲಿ ಮಕ್ಕಳಿಗೆ ಆಗುವ ಪೆಟ್ಟು: ಆಟ ಬಿಡಿಸಬೇಕಾ, ಬೇಡ್ವಾ?

ನೇರಳೆ

ನಮಸ್ಕಾರ. ಮಗನಿಗೆ 13 ವರ್ಷ. ಈ ವರ್ಷ ಪ್ಯಾಂಟ್ ಹೊಲಿಸಿದ ಹಾಗೆಲ್ಲ ಗಿಡ್ಡ ಆಗುತ್ತಿದೆ, ಅಷ್ಟು ಬೇಗ ಉದ್ದ ಆಗುತ್ತಿದ್ದಾನೆ. ಪಿಟಿ ಪೀರಿಯಡ್‌ನಲ್ಲಿ ಓಡಿ ಬಂದ ದಿನ ಮಂಡಿಚಿಪ್ಪಿನ ಕೆಳಗೆ ನೋವು ಅನ್ನುತ್ತಾನೆ. ಮುಟ್ಟಿದರೆ ಅಲ್ಲೊಂದು ಸಣ್ಣ ಗಂಟು ಸಿಗುತ್ತದೆ. ಬಿದ್ದಿಲ್ಲ, ಯಾರೂ ಒದ್ದಿಲ್ಲ.

ಮೇಷ್ಟ್ರು "ಬೆಳೆಯೋ ವಯಸ್ಸು, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರಂತೆ. ನಮ್ಮ ಯಜಮಾನರು ವರ್ಷಪೂರ್ತಿ ಪಿಟಿ ಬೇಡ ಅಂತ ಚೀಟಿ ಬರೆದು ಕೊಡೋಣ ಅನ್ನುತ್ತಾರೆ. ನನಗೆ ಎರಡೂ ಸರಿ ಅನಿಸುತ್ತಿಲ್ಲ. ಅವನ ಕ್ಲಾಸಿನಲ್ಲೇ ಒಬ್ಬ ಹುಡುಗನ ಮಣಿಕಟ್ಟು ಮುರಿದಿದೆ, ಒಬ್ಬಳು ಕಾಲು ಉಳುಕಿಸಿಕೊಂಡು ಕುಂಟುತ್ತಿದ್ದಾಳೆ. ಇಷ್ಟೆಲ್ಲ ಪೆಟ್ಟು ಮಾಮೂಲಾ? ತಿಳಿದವರು ಹೇಳಿ.

ಹಳೇಗೋಲಿ

ಮಾಮೂಲು ಮೇಡಂ. ಆಟ ಅಂದಮೇಲೆ ಪೆಟ್ಟು ಇದ್ದೇ ಇರುತ್ತದೆ. ನಾನು ಹೈಸ್ಕೂಲು, ಕಾಲೇಜು ಎರಡರಲ್ಲೂ ಗೋಲ್‌ಕೀಪರ್. ಬೆರಳು ಸೊಟ್ಟ ಆಗಿವೆ, ಅಷ್ಟೇ. ಈಗಿನ ಮಕ್ಕಳು ಫೋನ್ ಹಿಡಿದು ಕೂತು ಕೂತು ಮೆತ್ತಗಾಗಿದ್ದಾರೆ. ಚೀಟಿ ಮಾತ್ರ ಕೊಡಬೇಡಿ.

ಮೂಳೆಮಾತು

ನಾನು ಫಿಸಿಯೋಥೆರಪಿಸ್ಟ್. ಶಾಲೆ ಮಕ್ಕಳನ್ನೇ ಜಾಸ್ತಿ ನೋಡುತ್ತೇನೆ. ನೇರಳೆ ಮೇಡಂ, ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೆ ನೀವು ಹೇಳಿದ ಜಾಗ, ವಯಸ್ಸು, ಗಂಟು ಮೂರೂ ಸೇರಿದರೆ ಮೊದಲು ನೆನಪಾಗುವುದು ಆಸ್ಗುಡ್-ಶ್ಲಾಟರ್. ಹೆಸರು ಕೇಳಿ ಗಾಬರಿಯಾಗಬೇಡಿ. 1903ರಲ್ಲಿ ಬಾಸ್ಟನ್‌ನ ಒಬ್ಬ ಡಾಕ್ಟರು, ಜ್ಯೂರಿಕ್‌ನ ಇನ್ನೊಬ್ಬ ಡಾಕ್ಟರು ಬೇರೆ ಬೇರೆಯಾಗಿ ಇದರ ಬಗ್ಗೆ ಬರೆದರು. ಅವರಿಬ್ಬರ ಹೆಸರೇ ಇದಕ್ಕೆ ಉಳಿದುಕೊಂಡಿದೆ.

ಆಗುವುದು ಇಷ್ಟು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ದಾಟಿ ಕೆಳಗಿನ ಮೂಳೆಗೆ ಅಂಟಿಕೊಳ್ಳುತ್ತದೆ. ಬೆಳೆಯುವ ಮಕ್ಕಳಲ್ಲಿ ಅದು ಅಂಟಿಕೊಂಡಿರುವ ಜಾಗ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಮೆದುವಾಗಿರುತ್ತದೆ. ಓಡುವಾಗ, ಜಿಗಿಯುವಾಗ, ಒದೆಯುವಾಗ ಸ್ನಾಯು ಅದನ್ನು ಎಳೆಯುತ್ತಲೇ ಇರುತ್ತದೆ. ಎಳೆತ ಜಾಸ್ತಿಯಾದರೆ ಅಲ್ಲಿ ಕೆರಳಿ ನೋವು ಬರುತ್ತದೆ, ಆಮೇಲೆ ಗಂಟು ಕಟ್ಟುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 10ರಿಂದ 13, ಹುಡುಗರಲ್ಲಿ 12ರಿಂದ 15ನೇ ವಯಸ್ಸಿನ ನಡುವೆ ಬರುತ್ತದೆ. ಬೆಳವಣಿಗೆ ಮುಗಿದು ಆ ಜಾಗ ಗಟ್ಟಿಯಾದಾಗ ಬಹುತೇಕ ಮಕ್ಕಳಲ್ಲಿ ನೋವು ಹೋಗುತ್ತದೆ. ಗಂಟು ಮಾತ್ರ ಕೆಲವರಲ್ಲಿ ಹಾಗೇ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ.

ಹಾಗಾಗಿ ಮೇಷ್ಟ್ರು ಹೇಳಿದ್ದರಲ್ಲಿ "ಬೆಳೆಯೋ ವಯಸ್ಸು" ಸರಿ. "ಓಡ್ತಾ ಓಡ್ತಾ ಸರಿಹೋಗುತ್ತೆ" ಅನ್ನುವುದು ತಪ್ಪು. ನಿಮ್ಮ ಯಜಮಾನರು ಹೇಳಿದ್ದೂ ಬೇಕಾಗಿಲ್ಲ. ಹಿಂದೆ ಇದಕ್ಕೆ ಪ್ಲಾಸ್ಟರ್ ಹಾಕಿ ಕೂರಿಸುವುದೂ ಇತ್ತು. ಈಗ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಯಾಕೆಂದರೆ ಕೂರಿಸಿದರೆ ತೊಡೆಯ ಬಲ ಇಳಿದುಹೋಗುತ್ತದೆ. ವಾಪಸ್ ಮೈದಾನಕ್ಕೆ ಹೋದ ವಾರವೇ ನೋವು ಮತ್ತೆ ಶುರು.

ನಾವು ಮಕ್ಕಳಿಗೆ ಹೇಳಿಕೊಡುವ ಲೆಕ್ಕ ಹೀಗಿದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡು. ಎರಡು-ಮೂರರ ಒಳಗಿದ್ದು, ಮಾರನೇ ದಿನ ಬೆಳಗ್ಗೆ ಹೊತ್ತಿಗೆ ಮೊದಲಿನಂತೆ ಆದರೆ ಆಡು. ಅದಕ್ಕಿಂತ ಜಾಸ್ತಿಯಾದರೆ, ಇಲ್ಲವೇ ಬೆಳಗ್ಗೆಯೂ ಕುಂಟುವ ಹಾಗಾದರೆ, ಓಟ ಮತ್ತು ಜಿಗಿತ ಕಡಿಮೆ ಮಾಡು. ಸೈಕಲ್, ಈಜು, ಬಾಲ್ ಪಾಸ್ ಮಾಡುವುದು, ಬಲದ ವ್ಯಾಯಾಮ ಎಲ್ಲ ಮುಂದುವರಿಯಲಿ.

ನೇರಳೆ

ತುಂಬಾ ಥ್ಯಾಂಕ್ಸ್ ಅಕ್ಕ. ಹಾಗಿದ್ದರೆ ಡಾಕ್ಟರಿಗೆ ತೋರಿಸುವ ಅಗತ್ಯ ಇಲ್ವಾ?

ಮೂಳೆಮಾತು

ಒಂದು ಸಲ ತೋರಿಸಿ. ಅದಕ್ಕೊಂದು ಕಾರಣ ಇದೆ, ಎಲ್ಲ ತಂದೆ-ತಾಯಿಯರಿಗೂ ಹೇಳಬೇಕು.

ಹತ್ತರಿಂದ ಹದಿನಾರು ವಯಸ್ಸಿನ ಮಗು ಕುಂಟುತ್ತಾ "ಮಂಡಿ ನೋವು" ಅಂದರೆ, ಕೆಲವೊಮ್ಮೆ ತೊಂದರೆ ಇರುವುದು ಮಂಡಿಯಲ್ಲಲ್ಲ, ಸೊಂಟದ ಕೀಲಿನಲ್ಲಿ. ತೊಡೆಮೂಳೆಯ ಮೇಲ್ತುದಿಯ ಗೋಲ ಅದರ ಕುತ್ತಿಗೆಯಿಂದ ಮೆಲ್ಲಗೆ ಜಾರುತ್ತಿರುತ್ತದೆ. ನರಗಳ ದಾರಿ ಒಂದೇ ಆದ್ದರಿಂದ ನೋವು ಮಂಡಿಯಲ್ಲಿ ಕಾಣಿಸುತ್ತದೆ. ಮಂಡಿಯ ಎಕ್ಸ್‌ರೇ ತೆಗೆದರೆ ಎಲ್ಲ ಸರಿಯಾಗಿಯೇ ಇರುತ್ತದೆ! ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಇದು ಹೆಚ್ಚು. ನಡೆಯುವಾಗ ಆ ಕಾಲಿನ ಪಾದ ಹೊರಗಡೆಗೆ ತಿರುಗಿಕೊಂಡಿರುತ್ತದೆ. ತೊಡೆಯನ್ನು ಒಳಗಡೆಗೆ ತಿರುಗಿಸಿದರೆ ನೋವು. ಇದು ಅಪರೂಪ, ಆದರೆ ಕಾಯುವ ತೊಂದರೆಯಲ್ಲ. ಅನುಮಾನ ಬಂದ ದಿನವೇ ಕಾಲಿನ ಮೇಲೆ ಭಾರ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಡವಾದಷ್ಟೂ ಜಾರುವುದು ಜಾಸ್ತಿಯಾಗುತ್ತದೆ, ಕೀಲು ಜೀವನಪೂರ್ತಿ ಕಾಡಬಹುದು.

ನಿಮ್ಮ ಮಗನ ನೋವು ಬೆರಳಿಟ್ಟು ತೋರಿಸುವ ಹಾಗೆ ಒಂದೇ ಜಾಗದಲ್ಲಿದೆ. ಅದು ಒಳ್ಳೆಯ ಸೂಚನೆಯೇ. ಆದರೂ ಸೊಂಟ ನೋಡದೆ ಮಂಡಿಯನ್ನಷ್ಟೇ ನೋಡಿ ಕಳಿಸಿದರೆ, ಸೊಂಟವನ್ನೂ ನೋಡಿ ಅಂತ ನೀವೇ ಕೇಳಿ.

ಹತ್ತನೇಬೆಂಚು

ನಾನು ಹತ್ತನೇ ಕ್ಲಾಸ್. ದೊಡ್ಡವರು ಮಾತಾಡುವಾಗ ಮಧ್ಯ ಬಂದೆ ಅಂದುಕೊಳ್ಳಬೇಡಿ. ನೋವು ಅಂತ ಹೇಳಿದರೆ ನಮ್ಮಲ್ಲಿ ಯಾರೂ ನಂಬೋದಿಲ್ಲ. "ನಾಟಕ" ಅಂತಾರೆ. ಹುಡುಗಿಯರು ಹೇಳಿದರೆ ಇನ್ನೂ ಬೇರೆ ಥರ ನೋಡ್ತಾರೆ. ಮರದ ಕೆಳಗೆ ಬ್ಯಾಗ್ ಕಾಯೋಕೆ ಕೂರಿಸ್ತಾರೆ. ಅದಕ್ಕೇ ನಾವು ಹೇಳೋದೇ ಇಲ್ಲ. ಸ್ಕೂಲ್ ಟೀಮಿಗೆ ಆಯ್ಕೆ ಇರುವಾಗಂತೂ ಯಾರೂ ಬಾಯಿ ಬಿಡೋದಿಲ್ಲ.

ಹಳೇಗೋಲಿ

ಇದು ನಿಜ ಕಣಪ್ಪ. ನಾವೂ ಹೇಳುತ್ತಿರಲಿಲ್ಲ.

ಸೀಟಿಮೇಷ್ಟ್ರು

ನಾನು ಪಿಟಿ ಮೇಷ್ಟ್ರು. ಈ ಥ್ರೆಡ್‌ನಲ್ಲಿ ಬೈಸಿಕೊಳ್ಳುವ ಸರದಿ ನಂದು ಅಂತ ಗೊತ್ತು, ಆದರೂ ಬರೆಯುತ್ತೇನೆ.

ಒಂದು ಪೀರಿಯಡ್ 40 ನಿಮಿಷ. ಕ್ಲಾಸಿನಿಂದ ಮೈದಾನಕ್ಕೆ ಬರಲು, ಸಾಲು ನಿಲ್ಲಿಸಲು ಹತ್ತು ನಿಮಿಷ ಹೋಗುತ್ತದೆ. ಒಬ್ಬನೇ ಮೇಷ್ಟ್ರು, ಎರಡು ಸೆಕ್ಷನ್ ಮಕ್ಕಳು. ಗಣಿತದ ಟೀಚರ್ ಪೋರ್ಷನ್ ಮುಗಿದಿಲ್ಲ ಅಂತ ವಾರದ ಒಂದು ಪೀರಿಯಡ್ ಕಿತ್ತುಕೊಂಡಿರುತ್ತಾರೆ. ಉಳಿದ ಒಂದರಲ್ಲಿ ಮಕ್ಕಳು "ಸರ್ ಬಾಲ್ ಕೊಡಿ" ಅಂತ ಪ್ರಾಣ ತಿನ್ನುತ್ತಾರೆ. ವಾರ್ಮ್-ಅಪ್ ಅಂದರೆ ಮುಖ ಸೊಟ್ಟಗೆ ಮಾಡುತ್ತಾರೆ. ಕೊನೆಗೆ ಏನಾಗುತ್ತದೆ? ಎರಡು ರೌಂಡ್ ಓಟ, ಆಮೇಲೆ ಆಟ.

ಇನ್ನೊಂದು ವಿಷಯ. ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಒಂದೇ ವಯಸ್ಸಿನ ಇಬ್ಬರು ಹುಡುಗರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬ ಇನ್ನೂ ಚಿಕ್ಕ ಹುಡುಗ. ಹುಡುಗಿಯರು ಸುಮಾರು 12ರಲ್ಲಿ, ಹುಡುಗರು ಸುಮಾರು 14ರಲ್ಲಿ ತುಂಬಾ ವೇಗವಾಗಿ ಬೆಳೆಯುತ್ತಾರೆ. ಆದರೆ ಒಬ್ಬೊಬ್ಬರಿಗೆ ಎರಡು ವರ್ಷ ಹಿಂದೆ ಮುಂದೆ ಆಗುತ್ತದೆ. ಇಬ್ಬರೂ ಒಂದೇ ಬಾಲಿಗೆ ನುಗ್ಗಿದರೆ ಚಿಕ್ಕವನೇ ಹಾರಿ ಬೀಳುವುದು. ನಾನು ಈಗ ಕಬಡ್ಡಿ, ಫುಟ್‌ಬಾಲ್, ಕುಸ್ತಿ ಥರದ ಮೈಗೆ ಮೈ ತಾಗುವ ಆಟಗಳಿಗೆ ಕ್ಲಾಸಿನ ಪ್ರಕಾರ ಗುಂಪು ಮಾಡುವುದಿಲ್ಲ. ಎತ್ತರ, ತೂಕ ನೋಡಿ ಮಾಡುತ್ತೇನೆ. ಇದಕ್ಕೆ ದುಡ್ಡೂ ಬೇಡ, ಸಮಯವೂ ಬೇಡ.

ಮೂಳೆಮಾತು

ಸರ್, ಈ ಮಾತು ಎಷ್ಟು ಜನರಿಗೆ ಗೊತ್ತಿಲ್ಲ ಅಂದರೆ ಬೇಸರ ಆಗುತ್ತದೆ. ಮಣಿಕಟ್ಟಿನ ಮುರಿತ ಜಾಸ್ತಿ ಆಗುವುದೂ ಇದೇ ಬೆಳವಣಿಗೆಯ ಹೊತ್ತಿನಲ್ಲಿ. ಮೂಳೆ ಉದ್ದ ಆಗುವ ವೇಗಕ್ಕೆ ಅದರೊಳಗೆ ಖನಿಜ ತುಂಬುವುದು ಸ್ವಲ್ಪ ಹಿಂದೆ ಬೀಳುತ್ತದೆ. ಆಗ ಕೈ ಊರಿ ಬಿದ್ದರೆ ಮುರಿಯುತ್ತದೆ. ನೇರಳೆಯವರ ಮಗನ ಕ್ಲಾಸಿನ ಹುಡುಗನಿಗೂ ಹಾಗೇ ಆಗಿರಬಹುದು.

"ಬರೀ ಉಳುಕು" ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ದೊಡ್ಡವರಲ್ಲಿ ಕೀಲು ತಿರುಚಿದರೆ ಮೊದಲು ಹರಿಯುವುದು ಅಸ್ಥಿರಜ್ಜು, ಅಂದರೆ ಲಿಗಮೆಂಟ್. ಬೆಳೆಯುವ ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಅದರ ಪಕ್ಕದ ಗ್ರೋತ್ ಪ್ಲೇಟ್ ದುರ್ಬಲ. ಮೂಳೆ ಉದ್ದ ಆಗುವುದು ಆ ಜಾಗದಿಂದಲೇ. ಹಾಗಾಗಿ ದೊಡ್ಡವರಿಗೆ ಉಳುಕಾಗುವ ಪೆಟ್ಟಿಗೆ ಮಗುವಿಗೆ ಗ್ರೋತ್ ಪ್ಲೇಟ್ ಬಿಟ್ಟುಕೊಳ್ಳಬಹುದು. ಮಕ್ಕಳ ಮೂಳೆ ಮುರಿತಗಳಲ್ಲಿ ನೂರಕ್ಕೆ ಸುಮಾರು 15ರಿಂದ 30 ಈ ಪ್ಲೇಟ್‌ಗೆ ತಾಗಿದವು. ಡಾಕ್ಟರುಗಳು ಇವತ್ತಿಗೂ ಬಳಸುವ ಐದು ವಿಧದ ವಿಂಗಡಣೆ 1963ರದು, ಸಾಲ್ಟರ್-ಹ್ಯಾರಿಸ್ ಅನ್ನುತ್ತಾರೆ. ಹೆಚ್ಚಿನವು ಚೆನ್ನಾಗಿ ಕೂಡಿಕೊಳ್ಳುತ್ತವೆ. ಕೆಲವನ್ನು ಗಮನಿಸದೆ ಬಿಟ್ಟರೆ ಮೂಳೆ ಸೊಟ್ಟ ಬೆಳೆಯುತ್ತದೆ, ಇಲ್ಲವೇ ಗಿಡ್ಡ ಉಳಿಯುತ್ತದೆ.

ಮೈದಾನದಲ್ಲಿ ನೆನಪಿಡುವಂಥ ಒಂದು ಅಳತೆ ಇದೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಮಾಡಿದ ನಿಯಮ. ಪಾದದ ಕೀಲು ತಿರುಚಿದ ಮೇಲೆ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಅಥವಾ ಎರಡು ಬದಿಯ ಗಂಟಿನ ಮೂಳೆಗಳಲ್ಲಿ ಯಾವುದಾದರೂ ಒಂದರ ಹಿಂಭಾಗ ಇಲ್ಲವೇ ತುದಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಕುಂಟುತ್ತಾ ನಡೆದರೂ ಅದು ನಡಿಗೆಯೇ. ಮಕ್ಕಳಲ್ಲಿ ನಾನು ಇದಕ್ಕೆ ಇನ್ನೊಂದು ಸೇರಿಸುತ್ತೇನೆ: ಊತ ಗಂಟಿನ ಮೂಳೆಯ ಮೇಲೇ ಇದ್ದರೆ ಹೇಗೂ ತೋರಿಸಿ. ಅಲ್ಲಿವರೆಗೆ ಯಾರೂ ನೀವಬಾರದು, ಎಳೆದು "ಕೂರಿಸ"ಬಾರದು.

ಅಂಕಿಸಂಖ್ಯೆ

ಹಳೇಗೋಲಿ ಸರ್ "ಮೆತ್ತಗಾಗಿದ್ದಾರೆ" ಅಂದದ್ದಕ್ಕೆ ಒಂದು ಮಾತು. ಅದರಲ್ಲಿ ಅರ್ಧ ನಿಜ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಶಾಲೆ ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದರಲ್ಲಿ, ದಿನವೂ ಕಡಿಮೆ ಆಡುವ ಮಕ್ಕಳಿಗೆ ಆಡಿದ ಗಂಟೆಯ ಲೆಕ್ಕದಲ್ಲಿ ಪೆಟ್ಟು ಜಾಸ್ತಿ ಅಂತ ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ. ಜಗತ್ತಿನಲ್ಲಿ 11ರಿಂದ 17ರ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಅಷ್ಟು ಆಡುವುದಿಲ್ಲ. ವಾರವೆಲ್ಲ ಕೂತಿದ್ದು ಒಂದು ದಿನ ಪಿಟಿಯಲ್ಲಿ ನೂರು ಮೀಟರ್ ಓಟಕ್ಕೆ ಸಮಯ ತೆಗೆದರೆ ಏನಾಗಬೇಕೋ ಅದೇ ಆಗುತ್ತದೆ.

ಆದರೆ ಅದು ಮಕ್ಕಳ ತಪ್ಪಲ್ಲ. ನಾಲ್ಕು ದಿನ ಕೂರಿಸಿದವರು ನಾವೇ ಅಲ್ವಾ?

ಸೀಟಿಮೇಷ್ಟ್ರು

ಓಟದ ಟೆಸ್ಟ್ ದಿನದ ಪೆಟ್ಟು ಬೇರೆಯೇ. ತೊಡೆಯ ಹಿಂದೆ "ಟಪ್" ಅಂದಿತು ಅಂತ ಹಿಡಿದುಕೊಂಡು ನಿಲ್ಲುತ್ತಾರೆ.

ಮೂಳೆಮಾತು

ಹೌದು ಸರ್, ಅದನ್ನೂ "ಸ್ನಾಯು ಎಳೆತ" ಅಂತ ಬಿಡಬೇಡಿ. ಈ ವಯಸ್ಸಿನಲ್ಲಿ ಸ್ನಾಯು ಹರಿಯುವ ಬದಲು, ಅದು ಅಂಟಿರುವ ಮೂಳೆಯ ಚೂರೇ ಕಿತ್ತು ಬರುವುದುಂಟು. ಕುಂಡೆಯ ಕೆಳಗಿನ ಮೂಳೆಯಲ್ಲಿ, ಸೊಂಟದ ಮುಂದಿನ ಮೂಳೆಯಲ್ಲಿ ಆಗುತ್ತದೆ. ಓಟ, ಜೋರಾದ ಒದೆತ, ಇವೇ ಕಾರಣ. ಟಪ್ ಅನ್ನಿಸಿ ಆಮೇಲೆ ನಡೆಯಲು ಕಷ್ಟ ಆದರೆ ಎಕ್ಸ್‌ರೇ ಆಗಲೇಬೇಕು.

ಅಂಕಿಸಂಖ್ಯೆ

ವಾರ್ಮ್-ಅಪ್‌ಗೆ ಸಮಯ ಇಲ್ಲ ಅಂದಿರಿ ಸರ್. ಅದರ ಬಗ್ಗೆ ನೇರವಾಗಿ ಪಿಟಿ ಕ್ಲಾಸಿನಲ್ಲೇ ನಡೆಸಿದ ಒಂದು ಪ್ರಯೋಗ ಇದೆ. ಕೆನಡಾದ ಕ್ಯಾಲ್ಗರಿಯ 12 ಶಾಲೆಗಳಲ್ಲಿ, 11ರಿಂದ 16 ವಯಸ್ಸಿನ ಮಕ್ಕಳ ಮೇಲೆ. ಕೆಲವು ಶಾಲೆಗಳಿಗೆ ಮಾಮೂಲಿ ವಾರ್ಮ್-ಅಪ್ ಕೊಟ್ಟರು. ಉಳಿದ ಶಾಲೆಗಳಲ್ಲಿ ಒಂಟಿಕಾಲಿನ ಸಮತೋಲನ, ಜಿಗಿದು ಮೆತ್ತಗೆ ಇಳಿಯುವುದು, ಬಲ, ಚುರುಕು ಎಲ್ಲ ಸೇರಿದ 15 ನಿಮಿಷದ ವಾರ್ಮ್-ಅಪ್. 2020ರಲ್ಲಿ ಫಲಿತಾಂಶ ಬಂತು. ಹುಡುಗಿಯರಲ್ಲಿ ಪೆಟ್ಟು ಚೆನ್ನಾಗಿ ಇಳಿಯಿತು. ಹುಡುಗರಲ್ಲಿ ಇಳಿಯಲಿಲ್ಲ!

ಫುಟ್‌ಬಾಲ್‌ನಲ್ಲಿ ಇದಕ್ಕಿಂತ ಹಳೆಯದು ಫಿಫಾ 11+ ಅನ್ನುವ ಇಂಥದ್ದೇ ವಾರ್ಮ್-ಅಪ್. 2008ರಲ್ಲಿ ನಾರ್ವೆಯ 13ರಿಂದ 17 ವಯಸ್ಸಿನ ಹುಡುಗಿಯರ ಕ್ಲಬ್‌ಗಳ ಮೇಲಿನ ಅಧ್ಯಯನ ಬಂತು. ಒಟ್ಟು ಪೆಟ್ಟು ಸುಮಾರು ಮೂರರಲ್ಲೊಂದು ಪಾಲು ಕಡಿಮೆ, ಗಂಭೀರ ಪೆಟ್ಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅದು 20 ನಿಮಿಷ ಹಿಡಿಯುತ್ತದೆ.

ಹತ್ತನೇಬೆಂಚು

ಹುಡುಗರಲ್ಲಿ ಯಾಕೆ ಇಳಿಯಲಿಲ್ಲ? ಅವರು ಸರಿಯಾಗಿ ಮಾಡಿಲ್ಲ ಅಂತ ನನ್ನ ಊಹೆ 😄

ಅಂಕಿಸಂಖ್ಯೆ

ನಗಬೇಡ, ಹಾಗೂ ಇರಬಹುದು. ಕಾಟಾಚಾರಕ್ಕೆ ಮಾಡಿದರೆ ಇದರಿಂದ ಲಾಭ ಸಿಗುವುದಿಲ್ಲ ಅನ್ನುವುದು ಎಲ್ಲ ಕಡೆ ಕಂಡ ಮಾತು.

ಮೂಳೆಮಾತು

ಹುಡುಗಿಯರಲ್ಲಿ ಲಾಭ ಜಾಸ್ತಿ ಸಿಗಲು ಇನ್ನೊಂದು ಕಾರಣ ಇರಬಹುದು. ಮೈನೆರೆದ ಮೇಲೆ ಅವರಿಗೆ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುವ ಅಪಾಯ ಅದೇ ಆಟ ಆಡುವ ಹುಡುಗರಿಗಿಂತ ಹಲವು ಪಟ್ಟು ಜಾಸ್ತಿ. ಯಾರೂ ಗುದ್ದುವುದು ಬೇಡ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಸಾಕು, ಓಡುತ್ತಾ ಥಟ್ಟನೆ ದಿಕ್ಕು ಬದಲಿಸಿದರೆ ಸಾಕು. ಥ್ರೋಬಾಲ್, ಬಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್‌ನಲ್ಲಿ ಇದು ದಿನವೂ ನಡೆಯುವ ಚಲನೆ. ಇಳಿಯುವುದನ್ನು ಕಲಿಸಬಹುದು. ಮಂಡಿ ಬಗ್ಗಿಸಿ, ಪಾದದ ನೇರಕ್ಕೆ ಮಂಡಿ ಇಟ್ಟು, ಸದ್ದಾಗದ ಹಾಗೆ ಇಳಿಯಿರಿ ಅಂತ. ಮಕ್ಕಳಿಗೆ "ಸದ್ದಾಗಬಾರದು" ಅನ್ನುವ ಒಂದೇ ಮಾತು ಸಾಕಾಗುತ್ತದೆ.

ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಿ ಮೂವತ್ತು ಎಣಿಸುವ ಹಳೆಯ ಸ್ಟ್ರೆಚಿಂಗ್ ಒಂದರಿಂದಲೇ ಪೆಟ್ಟು ತಪ್ಪುವುದಿಲ್ಲ. ಸಮಯ ಕಡಿಮೆ ಇದ್ದರೆ ಮೊದಲು ಅದನ್ನು ಬಿಡಿ ಸರ್.

ಸೀಟಿಮೇಷ್ಟ್ರು

ಎರಡು ರೌಂಡ್ ಓಟದ ಜಾಗದಲ್ಲಿ ಇದನ್ನೇ ಹಾಕಬಹುದು ಹಾಗಾದರೆ. ಹಿಮ್ಮಡಿ ಎತ್ತಿ ಓಟ, ಅಡ್ಡ ಓಟ, ಒಂಟಿಕಾಲಲ್ಲಿ ನಿಂತು ಬಾಲ್ ಕ್ಯಾಚ್, ಜಿಗಿದು ಇಳಿಯುವುದು. ಎಂಟು-ಹತ್ತು ನಿಮಿಷ. ಬಾಲ್ ಕೈಗೆ ಕೊಟ್ಟೇ ಮಾಡಿಸಿದರೆ ಮುಖ ಸೊಟ್ಟ ಮಾಡುವುದಿಲ್ಲ.

ನೀಲಿಶೂ

ತಲೆಗೆ ಬಿದ್ದ ಪೆಟ್ಟಿನ ಬಗ್ಗೆ ಯಾರೂ ಬರೆದಿಲ್ಲ. ತಂಗಿಗೆ ಪಿಟಿಯಲ್ಲಿ ಇನ್ನೊಬ್ಬಳ ಮೊಣಕೈ ತಲೆಗೆ ಹೊಡೆಯಿತು. ನೀರು ಕುಡಿಸಿ ಐದು ನಿಮಿಷ ಕೂರಿಸಿ ಮತ್ತೆ ಆಡಲು ಕಳಿಸಿದರಂತೆ. "ಪ್ರಜ್ಞೆ ತಪ್ಪಿಲ್ಲ, ಏನೂ ಆಗಿಲ್ಲ" ಅಂದರಂತೆ. ಮನೆಗೆ ಬಂದು ವಾಂತಿ. ಈಗ ಹುಷಾರಾಗಿದ್ದಾಳೆ, ಆದರೆ ಒಂದು ವಾರ ಪುಸ್ತಕ ತೆಗೆದರೆ ತಲೆನೋವು ಅನ್ನುತ್ತಿದ್ದಳು.

ಮೂಳೆಮಾತು

ಆ "ಪ್ರಜ್ಞೆ ತಪ್ಪಿಲ್ಲ" ಅನ್ನುವ ಮಾತಿನಿಂದಲೇ ಅನಾಹುತ ಆಗುವುದು. ಕನ್ಕಷನ್, ಅಂದರೆ ಪೆಟ್ಟಿಗೆ ಮೆದುಳು ಅಲುಗಿ ಆಗುವ ತೊಂದರೆ, ಆದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಮಂಕಾಗಿ ನೋಡುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ತಲೆನೋವು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ, ತೂರಾಡುವುದು, ಸುಮ್ನೆ ಅಳುವುದು, ಇಷ್ಟರಲ್ಲಿ ಒಂದಿದ್ದರೂ ಆ ದಿನ ಆಟ ಮುಗಿಯಿತು. ಚರ್ಚೆ ಬೇಡ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಟ್ ಅನ್ನುವ 13 ವರ್ಷದ ಹುಡುಗ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ. ಅಲ್ಲಿನ ಫುಟ್‌ಬಾಲ್, ನಮ್ಮದಲ್ಲ. ಸ್ವಲ್ಪ ಹೊತ್ತು ಕೂತು ದ್ವಿತೀಯಾರ್ಧದಲ್ಲಿ ಮತ್ತೆ ಇಳಿದ. ಪಂದ್ಯ ಮುಗಿಯುತ್ತಲೇ ಕುಸಿದ. ಮೆದುಳಿನೊಳಗೆ ರಕ್ತಸ್ರಾವ. ಬದುಕಿದ, ಆದರೆ ಮಾತು, ನಡಿಗೆ ವಾಪಸ್ ಪಡೆಯಲು ವರ್ಷಗಳೇ ಹಿಡಿದವು. 2009ರಲ್ಲಿ ಅವನ ಹೆಸರಲ್ಲೇ ಕಾನೂನು ಬಂತು. ಅನುಮಾನ ಇದ್ದರೆ ಹೊರಗೆ ಕೂರಿಸಬೇಕು, ತಿಳಿದ ವೈದ್ಯಕೀಯ ಸಿಬ್ಬಂದಿ ಬರೆದು ಕೊಡುವವರೆಗೆ ವಾಪಸ್ ಇಳಿಸಬಾರದು. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಾಗಿತ್ತು.

ಮನೆಯಲ್ಲಿ ಏನು ಮಾಡಬೇಕು ಅಂದರೆ, ಮೊದಲ ಒಂದೆರಡು ದಿನ ಓಡಾಟ, ಫೋನು, ಓದು ಎಲ್ಲ ಕಡಿಮೆ. ಕತ್ತಲೆ ಕೋಣೆಯಲ್ಲಿ ಮಲಗಿಸಿಯೇ ಇಡುವುದು ಹಳೆಯ ಸಲಹೆ, ಈಗ ಬೇಡ ಅನ್ನುತ್ತಾರೆ. ಆಮೇಲೆ ಮೆಲ್ಲಗೆ ನಡಿಗೆ, ಮೊದಲು ಪಾಠ, ಆಮೇಲೆ ಆಟ. ಆಟಕ್ಕೆ ಹಂತ ಹಂತವಾಗಿ, ಒಂದೊಂದು ಹಂತಕ್ಕೆ ಕನಿಷ್ಠ 24 ಗಂಟೆ. ದೊಡ್ಡವರಿಗಿಂತ ಈ ವಯಸ್ಸಿನವರಿಗೆ ಜಾಸ್ತಿ ದಿನ ಹಿಡಿಯುತ್ತದೆ, ನಾಲ್ಕು ವಾರ ಆದರೂ ಆಶ್ಚರ್ಯವಿಲ್ಲ. ಆದರೆ ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲು ಕಷ್ಟವಾದರೆ, ಕುತ್ತಿಗೆ ನೋವು, ಫಿಟ್ಸ್, ಕೈಕಾಲು ಜೋಮು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆ.

ಹಳೇಗೋಲಿ

ಇದನ್ನು ಓದಿ ನಾನು ಸ್ವಲ್ಪ ತಣ್ಣಗಾದೆ. ಬೆರಳು ಸೊಟ್ಟ ಆಗುವುದು ಬೇರೆ, ಇದು ಬೇರೆ.

ಅಂಕಿಸಂಖ್ಯೆ

ಶಾಲೆ ಪೆಟ್ಟಿನ ಬಗ್ಗೆ ಜಪಾನಿನ ವಿಷಯ ಗೊತ್ತಿರಲಿ. ಅಲ್ಲಿ ಶಾಲೆಯಲ್ಲಿ ಪೆಟ್ಟಾದರೆ ಚಿಕಿತ್ಸೆಯ ದುಡ್ಡು ಕೊಡುವ ಒಂದು ಸಾರ್ವಜನಿಕ ಪರಿಹಾರ ವ್ಯವಸ್ಥೆ ಇದೆ. ದುಡ್ಡು ಬೇಕಾದರೆ ಅರ್ಜಿ ಬರೆಯಬೇಕು. ಹಾಗಾಗಿ ಯಾವ ಕ್ಲಾಸಿನಲ್ಲಿ, ಯಾವ ಆಟದಲ್ಲಿ, ಹೇಗೆ ಬಿದ್ದದ್ದು ಅನ್ನುವ ದೊಡ್ಡ ದಾಖಲೆ ತಾನಾಗಿಯೇ ಬೆಳೆಯಿತು. ಆ ದಾಖಲೆ ಕೆದಕಿದವರಿಗೆ ಕಂಡದ್ದೇನು? 1983ರಿಂದ 2011ರ ನಡುವೆ ಶಾಲೆಗಳ ಜೂಡೋದಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳು ಸತ್ತಿದ್ದರು. ಹೆಚ್ಚಿನವು ಪಿಟಿ ಕ್ಲಾಸಿನಲ್ಲಲ್ಲ, ಶಾಲೆಯ ಜೂಡೋ ಕ್ಲಬ್‌ಗಳಲ್ಲಿ. ಸತ್ತವರಲ್ಲಿ ಹೊಸದಾಗಿ ಸೇರಿದವರೇ ಜಾಸ್ತಿ. ಸರಿಯಾಗಿ ಬೀಳುವುದನ್ನು ಕಲಿಯುವ ಮೊದಲೇ ಹಿಂದಕ್ಕೆ ಎಸೆಸಿಕೊಂಡು, ತಲೆಯ ಹಿಂಭಾಗ ನೆಲಕ್ಕೆ ಬಡಿದವರು. 2012ರಿಂದ ಅಲ್ಲಿ ಸಮರಕಲೆ ಕಡ್ಡಾಯ ಆಗುವುದರಲ್ಲಿತ್ತು, ಆಗ ದೊಡ್ಡ ಗಲಾಟೆಯಾಯಿತು. ಹೊಸಬರಿಗೆ ಎಸೆತ ಬೇಡ, ಮೊದಲು ಬೀಳುವುದು ಕಲಿಸಿ ಅನ್ನುವ ಎಚ್ಚರ ಬಂದ ಮೇಲೆ ಸಾವು ತೀರಾ ಇಳಿದವು.

ಕ್ರೀಡಾ ದಿನಕ್ಕೆ ಮಕ್ಕಳ ಮೇಲೆ ಮಕ್ಕಳನ್ನು ನಿಲ್ಲಿಸಿ ಮಾಡುವ ಪಿರಮಿಡ್‌ನದ್ದೂ ಇದೇ ಕಥೆ. ವರ್ಷಕ್ಕೆ ಸಾವಿರಾರು ಪೆಟ್ಟು ಅಂತ ದಾಖಲೆಯಿಂದ ಹೊರಬಂತು. 2016ರಲ್ಲಿ ಒಸಾಕಾ ನಗರದ ಶಾಲೆಗಳಲ್ಲಿ ಪಿರಮಿಡ್, ಗೋಪುರ ಎರಡನ್ನೂ ನಿಲ್ಲಿಸಿದರು.

ನಾನು ಹೇಳುವುದು ಇಷ್ಟೇ. ಎರಡೂ ಕಡೆ ಮೊದಲು ಇದ್ದದ್ದು "ಆಟ ಅಂದಮೇಲೆ ಪೆಟ್ಟು ಇದ್ದೇ ಇರುತ್ತದೆ" ಅನ್ನುವ ಮಾತೇ. ಬರೆದಿಟ್ಟದ್ದನ್ನು ಒಟ್ಟಿಗೆ ಇಟ್ಟು ನೋಡಿದಾಗ ಗೊತ್ತಾದದ್ದು, ಒಂದೇ ಥರದ ಪೆಟ್ಟು ಒಂದೇ ಕಾರಣಕ್ಕೆ ಮತ್ತೆ ಮತ್ತೆ ಆಗುತ್ತಿದೆ ಅಂತ. ಪ್ರತಿ ಶಾಲೆಯಲ್ಲೂ ಪಿಟಿ ರೂಮಿನಲ್ಲಿ ಒಂದು ನೋಟ್‌ಬುಕ್ ಇಡಬೇಕು. ದಿನ, ಕ್ಲಾಸು, ಆಟ, ಹೇಗಾಯಿತು, ಯಾವ ಜಾಗಕ್ಕೆ. ಸಾಕು.

ಸೀಟಿಮೇಷ್ಟ್ರು

ಹೇಳುವುದು ಸುಲಭ ಸರ್. ಆ ನೋಟ್‌ಬುಕ್ ನಾಳೆ ಯಾರ ಕೈಗೆ ಹೋಗುತ್ತದೆ? ಹೆಡ್ ಮೇಷ್ಟ್ರು "ನಿಮ್ಮ ಪೀರಿಯಡ್‌ನಲ್ಲೇ ಯಾಕೆ ಇಷ್ಟು?" ಅನ್ನುತ್ತಾರೆ. ಪೋಷಕರು ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಆಮೇಲೆ ಮೇಷ್ಟ್ರಿಗೆ ಉಳಿಯುವ ದಾರಿ ಒಂದೇ, ಮಕ್ಕಳನ್ನು ನೆರಳಲ್ಲಿ ಕೂರಿಸಿ ಕೇರಂ ಆಡಿಸುವುದು. ಪೆಟ್ಟು ಸೊನ್ನೆ ಆಗುತ್ತದೆ.

ಅಂಕಿಸಂಖ್ಯೆ

ಈ ಭಯ ನ್ಯಾಯವಾದದ್ದೇ. ಹಾಗಾಗಿ ಮಗುವಿನ ಹೆಸರು, ಮೇಷ್ಟ್ರ ಹೆಸರು ಇಲ್ಲದೆ ಬರೆಯಿರಿ. ಯಾರಿಂದ ಅನ್ನುವುದು ಬೇಡ, ಹೇಗೆ ಅನ್ನುವುದು ಬೇಕು. ಮೂರು ಮಕ್ಕಳು ಒಂದೇ ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡಿದ್ದರೆ ಮೈದಾನ ಸರಿಮಾಡಿಸಲು ನಿಮ್ಮ ಕೈಯಲ್ಲಿ ಇರುವ ಸಾಕ್ಷಿಯೇ ಅದು. ಈಗ ನೀವು ಹೇಳಿದರೆ ಯಾರೂ ಕೇಳುವುದಿಲ್ಲ ಅಲ್ವಾ?

ಸೀಟಿಮೇಷ್ಟ್ರು

ಆ ಗುಂಡಿ ನಮ್ಮ ಮೈದಾನದಲ್ಲೂ ಇದೆ. ಲಾಂಗ್ ಜಂಪ್ ಮರಳೂ ಗಟ್ಟಿಯಾಗಿದೆ. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಸರಿ, ಹೆಸರಿಲ್ಲದೆ ಅಂದರೆ ಯೋಚನೆ ಮಾಡಬಹುದು.

ನೀಲಿಶೂ

ಗೋಲ್‌ಪೋಸ್ಟ್ ಕೂಡ ನೋಡಿ ಸರ್. ಎತ್ತಿಟ್ಟು ಓಡಾಡಿಸುವ ಕಬ್ಬಿಣದ ಗೋಲ್‌ಪೋಸ್ಟ್ ನೆಲಕ್ಕೆ ಬಿಗಿಯದಿದ್ದರೆ, ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದಾಗ ಮುಂದಕ್ಕೆ ಉರುಳುತ್ತದೆ. ಮಕ್ಕಳು ಸತ್ತ ಉದಾಹರಣೆಗಳು ಹಲವು ದೇಶಗಳಲ್ಲಿವೆ.

ಹಳೇಗೋಲಿ

ಗೋಲ್‌ಕೀಪರ್ ಆಗಿ ಇದಕ್ಕೆ ನಾನು ಎರಡು ಕೈ ಎತ್ತುತ್ತೇನೆ. ಹಾಗೇ ಇನ್ನೊಂದು: ಹಲ್ಲು. ಬುಡಸಮೇತ ಬಿದ್ದ ಶಾಶ್ವತ ಹಲ್ಲನ್ನು ಬೇರು ಮುಟ್ಟದೆ ಹಿಡಿದು, ಮಣ್ಣಾಗಿದ್ದರೆ ಚೂರು ನೀರಲ್ಲಿ ತೊಳೆದು, ಅಲ್ಲೇ ವಾಪಸ್ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿ ಓಡಬೇಕು. ಅರ್ಧ ಗಂಟೆಯೊಳಗೆ ಡೆಂಟಿಸ್ಟ್ ಸಿಕ್ಕರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಉಜ್ಜಿ ಉಜ್ಜಿ ತೊಳೆದು, ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡವರನ್ನು ನಾನೇ ನೋಡಿದ್ದೇನೆ.

ಮೂಳೆಮಾತು

ಹಾಲುಹಲ್ಲಾದರೆ ವಾಪಸ್ ಕೂರಿಸಬೇಡಿ. ಮಿಕ್ಕದ್ದೆಲ್ಲ ಸರಿ.

ಓಡುತ್ತಿದ್ದ ಹಾಗೇ ಮಗು ಕುಸಿದರೆ ಮಾತ್ರ ಬೇರೆ ಲೆಕ್ಕ. ಬಿಸಿಲು, ಹಸಿವು ಅಂತ ನೀರು ಚಿಮುಕಿಸಿ ಸುಮ್ಮನಾಗಬೇಡಿ. ಉಸಿರು ಸರಿ ಇಲ್ಲದಿದ್ದರೆ ಆಂಬುಲೆನ್ಸ್‌ಗೆ ಕರೆ ಮಾಡಿಸಿ ಕೂಡಲೇ ಎದೆ ಒತ್ತಲು ಶುರು ಮಾಡಬೇಕು, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇದ್ದರೆ ತರಿಸಬೇಕು. ಎದೆಗೆ ಬಾಲ್ ಬಡಿದೇ ಹೃದಯದ ಬಡಿತ ತಪ್ಪುವುದೂ ಇದೆ, ಹದಿವಯಸ್ಸಿನ ಹುಡುಗರಲ್ಲೇ ಜಾಸ್ತಿ. ಎಚ್ಚರವಾಗಿ ಎದ್ದು ಕೂತರೂ, ಓಟದ ಮಧ್ಯೆ ಪ್ರಜ್ಞೆ ತಪ್ಪಿದ ಮಗುವಿನ ಹೃದಯ ಪರೀಕ್ಷೆ ಆಗದೆ ಮೈದಾನಕ್ಕೆ ಬಿಡಬಾರದು.

ನೇರಳೆ

ಎಲ್ಲರಿಗೂ ಧನ್ಯವಾದ. ಡಾಕ್ಟರಿಗೆ ತೋರಿಸಿದೆವು. ಸೊಂಟ ಸರಿ ಇದೆ, ಆಸ್ಗುಡ್-ಶ್ಲಾಟರ್ ಅಂತಲೇ ಹೇಳಿದರು. ಯಜಮಾನರು ಇನ್ನೂ ಚೀಟಿ ಚೀಟಿ ಅನ್ನುತ್ತಿದ್ದಾರೆ. ಸೀಟಿಮೇಷ್ಟ್ರೇ, ನಿಮ್ಮ ಹತ್ತಿರ ಒಬ್ಬ ಪೋಷಕರು ಬಂದರೆ ಏನು ಬರೆದುಕೊಟ್ಟರೆ ನಿಮಗೆ ಅನುಕೂಲ?

ಸೀಟಿಮೇಷ್ಟ್ರು

ಒಳ್ಳೆಯ ಪ್ರಶ್ನೆ ಮೇಡಂ. ನಮಗೆ ಬರುವ ಚೀಟಿಗಳಲ್ಲಿ ಯಾವಾಗಲೂ ಒಂದೇ ಸಾಲು ಇರುತ್ತದೆ, "ಆಟ ಆಡಿಸಬೇಡಿ". ಅದನ್ನು ಓದಿ ಬ್ಯಾಗ್ ಕಾಯಲು ಕೂರಿಸದೆ ನಾನೇನು ಮಾಡಲಿ? ಏನು ಮಾಡಬಹುದು ಅಂತಲೂ ಬರೆಸಿಕೊಂಡು ಬನ್ನಿ. ಓಟ, ಜಿಗಿತ, ಮಂಡಿ ಊರುವುದು ಇಷ್ಟು ದಿನ ಕಡಿಮೆ. ಕೈಯ ಆಟ, ಪಾಸಿಂಗ್, ಸಮತೋಲನದ ವ್ಯಾಯಾಮ ಆಗಬಹುದು. ನೋವು ಮೂರು ದಾಟಿದರೆ ಅವನೇ ಹೇಳಿ ನಿಲ್ಲಿಸಬಹುದು. ಮತ್ತೆ ಯಾವಾಗ ತೋರಿಸಬೇಕು. ಇಷ್ಟು ಇದ್ದರೆ ಅವನನ್ನು ಆಟದೊಳಗೇ ಇಟ್ಟುಕೊಳ್ಳಬಹುದು. ಅವನು ಶಾಲೆ ಬಿಟ್ಟ ಮೇಲೆ ಬೇರೆ ಕೋಚಿಂಗ್‌ಗೆ ಹೋಗುತ್ತಾನಾ? ಅದನ್ನೂ ಹೇಳಿ. ಸಂಜೆ ಎರಡು ಗಂಟೆ ಅಲ್ಲಿ ಓಡಿದವನನ್ನು ಬೆಳಗ್ಗೆ ನಾನೂ ಓಡಿಸುತ್ತೇನೆ, ನನಗೆ ಗೊತ್ತೇ ಇರುವುದಿಲ್ಲ.

ನೇರಳೆ

ಹೋಗುತ್ತಾನೆ ಸರ್, ವಾರಕ್ಕೆ ನಾಲ್ಕು ಸಂಜೆ ಬ್ಯಾಡ್ಮಿಂಟನ್. ಅದನ್ನು ಯಾರೂ ಕೇಳಿರಲೇ ಇಲ್ಲ.

ಮೂಳೆಮಾತು

ಹಾಗಾದರೆ ಪಿಟಿ ಅಲ್ಲ ಮೇಡಂ, ಕಡಿಮೆ ಮಾಡಬೇಕಾದದ್ದು ಅದನ್ನೇ! ಸದ್ಯಕ್ಕೆ ನಾಲ್ಕನ್ನು ಎರಡು ಮಾಡಿ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಕೋಚಿಂಗ್ ಗಂಟೆಗಳು ಅದಕ್ಕಿಂತ ಜಾಸ್ತಿ ಆಗಬಾರದು ಅನ್ನುವ ಒಂದು ಸ್ಥೂಲ ಲೆಕ್ಕ ಇದೆ. ನೋವಿದ್ದಾಗ ಅದಕ್ಕಿಂತಲೂ ಕಡಿಮೆ.

ಹತ್ತನೇಬೆಂಚು

ನಂದೊಂದು ಪ್ರಶ್ನೆ ಅಕ್ಕ. ಕಾಲು ಉಳುಕಿ ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಈಗ ನೋವಿಲ್ಲ. ಸೋಮವಾರ ಆಡಬಹುದಾ?

ಮೂಳೆಮಾತು

ನೋವು ಹೋದ ತಕ್ಷಣ ಅಲ್ಲ. ಉಳುಕಿದ ಕಾಲಿನ ಮೇಲೆ ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲು. ಆಮೇಲೆ ಆ ಒಂದೇ ಕಾಲಲ್ಲಿ ಮುಂದಕ್ಕೆ, ಅಡ್ಡಕ್ಕೆ ಕುಪ್ಪಳಿಸು. ಇನ್ನೊಂದು ಕಾಲಲ್ಲಿ ಮಾಡಿದಷ್ಟೇ ಚೆನ್ನಾಗಿ ಬಂದರೆ, ನೇರ ಓಟ, ಆಮೇಲೆ ತಿರುಗುವ ಓಟ, ಆಮೇಲೆ ಆಟ. ತೂರಾಡಿದರೆ ಇನ್ನೂ ಸ್ವಲ್ಪ ದಿನ ಸಮತೋಲನದ ವ್ಯಾಯಾಮ ಮಾಡು. ಒಂದು ಸಲ ಉಳುಕಿದ ಕಾಲೇ ಮತ್ತೆ ಉಳುಕುವುದು ಜಾಸ್ತಿ.

ಹತ್ತನೇಬೆಂಚು

ಈಗಲೇ ನಿಂತು ನೋಡಿದೆ. ತೂರಾಡ್ತಿದೀನಿ 😅 ಸೋಮವಾರ ಪಾಸಿಂಗ್ ಮಾತ್ರ ಕೊಡಿ ಅಂತ ಸರ್ ಹತ್ತಿರ ಕೇಳ್ತೀನಿ.